ಒಂದೇ ಸೈಕಲ್ಲು, ಎರಡು ದಾರಿ

ಮಲೆನಾಡಿನಲ್ಲಿ ದಾರಿ ಕೇಳುವವನಿಗೆ ಎರಡು ಮರುಪ್ರಶ್ನೆಗಳು ಕಾದಿರುತ್ತವೆ. "ಎಲ್ಲಿಗೆ?" ಎಂಬುದು ಮೊದಲನೆಯದು, ಇದನ್ನು ಎಲ್ಲ ಸೀಮೆಯವರೂ ಕೇಳುತ್ತಾರೆ. "ಮಳೆಗಾಲದಲ್ಲೋ, ಬೇಸಗೆಯಲ್ಲೋ?" ಎಂಬುದು ಎರಡನೆಯದು, ಇದನ್ನು ಕೇಳುವವನು ಮಲೆನಾಡಿನವನೇ ಆಗಿರಬೇಕು. ಏಪ್ರಿಲ್ ತಿಂಗಳಿನಲ್ಲಿ ಜೀಪು ಏರಿದ ಹಾದಿ, ಆರಿದ್ರಾ ಮಳೆ ಹಿಡಿದ ಮೂರನೆಯ ದಿನಕ್ಕೆ ಹಳ್ಳವಾಗಿ ಹರಿಯುತ್ತಿರುತ್ತದೆ. ಪುಷ್ಯ ಮಳೆಯ ಹೊತ್ತಿಗೆ ಅದೇ ಹಾದಿಯಲ್ಲಿ ಪಾಚಿ ಕಟ್ಟಿ, ಬರಿಗಾಲಿನವನೂ ಹೆಬ್ಬೆರಳನ್ನು ಊರಿಕೊಂಡೇ ನಡೆಯಬೇಕಾಗುತ್ತದೆ. ಇಂಥ ಸೀಮೆಯಲ್ಲಿ ಒಬ್ಬನು ಹಲವು ವರ್ಷಕ್ಕೆ ಸಾಕಾಗುವಂತೆ ಒಂದೇ ಒಂದು ಸೈಕಲ್ಲನ್ನು ಕೊಳ್ಳಲು ಹೊರಟರೆ, ಅದು ಎಂಥದಿರಬೇಕು? ಪ್ರಶ್ನೆಯೇನೋ ಸಣ್ಣದು. ಆದರೆ ಕೋಣಂದೂರಿನ ಬಳಿಯ ಮೇಷ್ಟರೊಬ್ಬರ ಮೂರು ತಿಂಗಳ ನಿದ್ದೆಯನ್ನು ಅದು ಕೆಡಿಸಿತು.

ಕೋಣಂದೂರು ತೀರ್ಥಹಳ್ಳಿ ತಾಲ್ಲೂಕಿನ ಊರು. ತೀರ್ಥಹಳ್ಳಿಗೂ ರಿಪ್ಪನ್‌ಪೇಟೆಗೂ ನಡುವಣ ಟಾರು ರಸ್ತೆ ಅದನ್ನು ಹಾದುಹೋಗುತ್ತದೆ. ಆ ರಸ್ತೆಯ ಮೇಲೆ ನಿಂತವನಿಗೆ ಲೋಕವೆಲ್ಲ ಕಾಡಿಗೆಯ ಗೆರೆಯಂತೆ ನುಣುಪಾಗಿ ತೋರುತ್ತದೆ. ಎಡಕ್ಕೋ ಬಲಕ್ಕೋ ಹೊರಳಿದರೆ ಬೇರೆಯೇ ಪ್ರಪಂಚ. ಮೊದಲು ಜಲ್ಲಿ; ಆಮೇಲೆ ಜಂಬಿಟ್ಟಿಗೆಯ ಕೆಂಪು ನೊರಜು; ಅದಾದ ಬಳಿಕ ಗದ್ದೆಯಂಚಿನ ಗಾಡಿದಾರಿ; ಕಡೆಗೆ ಹಳ್ಳದ ಮೇಲಿನ ಸಂಕ, ಉಣುಗೋಲು, ಅಂಗಳ. ೨೦೦೦ದ ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭವಾದ ಮೇಲೆ ನಾಡಿನ ಎಷ್ಟೋ ಹಳ್ಳಿಗಳು ಟಾರಿನ ಮುಖ ಕಂಡವು. ಆದರೆ ಬಯಲುಸೀಮೆಯ ಹಳ್ಳಿಯಂತೆ ಮಲೆನಾಡಿನ ಹಳ್ಳಿಯಲ್ಲಿ ಮನೆಗಳು ಒಂದೆಡೆ ಗುಂಪುಗೂಡಿ ಕುಳಿತಿರುವುದಿಲ್ಲ; ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಮನೆ. ಟಾರು ಬಂದದ್ದು ಊರಿನ ಹೆಸರು ಬರೆದ ಫಲಕದವರೆಗೆ. ಫಲಕದಿಂದ ಅಂಗಳದವರೆಗಿನ ಹಾದಿ ಅಜ್ಜನ ಕಾಲದಲ್ಲಿ ಹೇಗಿತ್ತೋ ಹಾಗೆಯೇ ಉಳಿದಿರುವುದು ಅಪರೂಪವೇನಲ್ಲ.

ಮೇಷ್ಟರಿಗೆ ವಯಸ್ಸು ಮೂವತ್ತರ ಒಳಗೆ. ಅವರ ಮನೆ ಫಲಕದಿಂದ ಮೂರು ಕಿಲೋಮೀಟರು ಒಳಕ್ಕೆ. ಶಾಲೆ ಇನ್ನೊಂದು ದಿಕ್ಕಿನಲ್ಲಿ. ಟಾರಿನ ಮೇಲೆ ಆರು ಕಿಲೋಮೀಟರು ಹೋಗಿ, ಜಲ್ಲಿಯ ಹಾದಿಯಲ್ಲಿ ಎರಡು ಕಿಲೋಮೀಟರು ಏರಬೇಕು. ಈ ದೂರವನ್ನೆಲ್ಲ ಅವರು ತಂದೆಯ ಕಾಲದ ಕರಿಯ ಸೈಕಲ್ಲಿನಲ್ಲಿಯೇ ಸವೆಸುತ್ತಿದ್ದರು. ಅದು ಮೇಷ್ಟರಿಗಿಂತಲೂ ಹಿರಿಯದು. ಅದರ ಮೇಲೆ ಅವರು ಒಳಪೆಡಲು ಹೊಡೆದು ಕಲಿತರು, ಅದರ ಮೇಲೆಯೇ ಹೈಸ್ಕೂಲಿಗೆ ಹೋದರು, ನೌಕರಿಯ ಆಜ್ಞಾಪತ್ರವನ್ನು ತಂದದ್ದೂ ಅದರ ಮೇಲೆಯೇ.

ಸೈಕಲ್ಲೆಂದರೆ ಅವರಿಗೆ ಬರಿಯ ವಾಹನವಾಗಿರಲಿಲ್ಲ. ಒಂದು ಹುಚ್ಚೂ ಇತ್ತು. ಇನ್ನೂರು ಕಿಲೋಮೀಟರನ್ನು ಹದಿಮೂರೂವರೆ ಗಂಟೆಗಳೊಳಗೆ ಕ್ರಮಿಸುವ 'ಬ್ರೆವೆ' ಎಂಬ ಸವಾರಿಯೊಂದುಂಟು. ಅದು ಪಂದ್ಯವಲ್ಲ, ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಒಂದೇ ಮನ್ನಣೆ. ಈ ಪದ್ಧತಿಯ ತವರು ಫ್ರಾನ್ಸು. ಪ್ಯಾರಿಸ್ಸಿನಿಂದ ಬ್ರೆಸ್ಟ್ ಎಂಬ ಕಡಲತಡಿಯ ಊರಿಗೆ ಹೋಗಿ ಹಿಂದಿರುಗುವ ಸುಮಾರು ೧೨೦೦ ಕಿಲೋಮೀಟರಿನ ಮಹಾಸವಾರಿ ೧೮೯೧ರಲ್ಲಿ ಪಂದ್ಯವಾಗಿ ಮೊದಲಾಯಿತು. ಈಗ ಅದು ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಮುಗಿಸಲು ಹೆಚ್ಚೆಂದರೆ ೯೦ ಗಂಟೆ. ಕರ್ನಾಟಕದಲ್ಲಿಯೂ ಈ ಬಗೆಯ ಸವಾರಿಗಳು ನಡೆಯುತ್ತಿವೆ. ಪ್ಯಾರಿಸ್ಸು ಮೇಷ್ಟರಿಗೆ ದೂರದ ಮಾತು. ಇನ್ನೂರು ಕಿಲೋಮೀಟರಿನದನ್ನಾದರೂ ಒಮ್ಮೆ ಮುಗಿಸಬೇಕೆಂಬುದು ಅವರ ಮನಸ್ಸಿನ ಹರಕೆ. ಅದು ಪೂರ್ತಿ ಟಾರಿನ ಮೇಲಿನ ಸವಾರಿ. ದಿನದ ಅನ್ನದ ದಾರಿ ಮಣ್ಣಿನದು, ಮನಸ್ಸಿನ ಹರಕೆಯ ದಾರಿ ಟಾರಿನದು. ಕೈಯಲ್ಲಿರುವ ಹಣ ಮಾತ್ರ ಒಂದು ಸೈಕಲ್ಲಿನದು. ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದ ಮೇಲೆ ಅಡಿಕೆಯ ಹಣವನ್ನು ನಂಬುವಂತಿರಲಿಲ್ಲ. ಒಂದೂವರೆ ವರ್ಷದ ಸಂಬಳದಲ್ಲಿ ಉಳಿಸಿದ್ದೇ ಎಲ್ಲ.

ಅಷ್ಟಾದರೂ ಹಳೆಯ ಸೈಕಲ್ಲು ಇನ್ನೂ ಕೆಲವು ವರ್ಷ ಓಡುತ್ತಿತ್ತೇನೋ. ಆ ವರ್ಷದ ಪುನರ್ವಸು ಮಳೆ ಅದಕ್ಕೆ ಅವಕಾಶ ಕೊಡಲಿಲ್ಲ. ಮನೆಯ ಹಾದಿ ಹಳ್ಳದ ಸಂಕಕ್ಕೆ ಇಳಿಯುವಲ್ಲಿ ಒಂದು ಕಡಿದಾದ ಇಳುಕಲಿದೆ. ಸಂಜೆಯ ಮಳೆಯಲ್ಲಿ ಮೇಷ್ಟರು ಬ್ರೇಕನ್ನು ಹಿಡಿದರು. ಹಿಡಿ ಅಂಗೈಗೆ ತಾಗಿತು, ಚಕ್ರ ಕೇಳಲಿಲ್ಲ. ಎದುರಿಗೆ ತುಂಬಿದ ಹಳ್ಳ, ಪಕ್ಕದಲ್ಲಿ ಧರೆ. ಅವರು ಧರೆಯನ್ನು ಆರಿಸಿಕೊಂಡರು. ಎಡಗೈ ಮುರಿದು ಆರು ವಾರ ಪಟ್ಟಿಯಲ್ಲಿತ್ತು. ಹಿಂದಿನ ಕ್ಯಾರಿಯರಿನಲ್ಲಿ ಕುಳಿತು ಬರುತ್ತಿದ್ದ ತಂಗಿ, ಇಳುಕಲು ಬಂತೆಂದು ಆಗಷ್ಟೇ ಇಳಿದು ಕೊಡೆ ಬಿಚ್ಚಿಕೊಂಡು ನಡೆದಿದ್ದಳು. ಅವಳು ಇಳಿಯದೆ ಇದ್ದಿದ್ದರೆ? ಆ ಮಾತನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ತಾಯಿ ಮಾತ್ರ ಅಂದಿನಿಂದ ಕೊಟ್ಟಿಗೆಯಲ್ಲಿ ಒರಗಿಸಿಟ್ಟ ಆ ಸೈಕಲ್ಲಿಗೆ ಬೆನ್ನು ಮಾಡಿಯೇ ಹಾಲು ಕರೆಯುತ್ತಿದ್ದರು.

ಪಟ್ಟಿ ಕಟ್ಟಿದ ಕೈಯವನಿಗೆ ಮೊಬೈಲೊಂದೇ ಸಂಗಾತಿ. ಅದರಲ್ಲಿ ಸೈಕಲ್ಲುಗಳ ಸಂತೆಯೇ ನೆರೆದಿತ್ತು. ಮೊದಲನೆಯದು ರೇಸಿನ ಸೈಕಲ್ಲು: ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲು, ಹೆಬ್ಬೆರಳಿಗಿಂತ ತುಸು ದಪ್ಪನೆಯ ಟಯರು, ಎತ್ತಿದರೆ ಹಗುರ. ಎರಡನೆಯದು ಎಂ.ಟಿ.ಬಿ. ಎಂದು ಕರೆಸಿಕೊಳ್ಳುವ ಬೆಟ್ಟದ ಸೈಕಲ್ಲು: ಎರಡು ಅಂಗುಲದ ಗಂಟುಗಂಟಾದ ಟಯರು, ಮುಂದೆ ಸ್ಪ್ರಿಂಗಿನ ಫೋರ್ಕು. ಮೂರನೆಯದು ಇವೆರಡರ ನಡುವಿನ ಹೈಬ್ರಿಡ್: ನೆಟ್ಟನೆಯ ಹ್ಯಾಂಡಲು, ಹದವಾದ ಟಯರು. ನಾಲ್ಕನೆಯದು ಈಚಿನ ಗ್ರಾವೆಲ್ ಬೈಕು, ಎಂದರೆ ಜಲ್ಲಿಹಾದಿಯ ಸೈಕಲ್ಲು: ರೇಸಿನದರಂತೆ ಬಾಗಿದ ಹ್ಯಾಂಡಲು, ಆದರೆ ಅಗಲವಾದ ಟಯರು, ಡಿಸ್ಕ್ ಬ್ರೇಕು. ಕೈ ಗುಣವಾದ ಮೇಲೆ ಮೇಷ್ಟರು ಶಿವಮೊಗ್ಗೆಯ ಒಂದು ಅಂಗಡಿಗೆ ಹೋದರು. ಅವರ ಸಂಕಟವನ್ನೆಲ್ಲ ಕೇಳಿದ ಅಂಗಡಿಯ ಹುಡುಗ, "ಸರ್, ರೋಡಿಗೆ ಒಂದು, ಮಣ್ಣಿಗೆ ಒಂದು, ಎರಡು ತಗೊಂಡ್ಬಿಡಿ" ಎಂದು ಸಲೀಸಾಗಿ ಹೇಳಿಬಿಟ್ಟ. ಮೇಷ್ಟರು ನಕ್ಕು ಹೊರಬಂದರು. ಹಣದ ಮಾತು ಹಾಗಿರಲಿ. ದಿನಕ್ಕೆ ನಾಲ್ಕು ಸಲ ಟಾರೂ ಮಣ್ಣೂ ಅದಲುಬದಲಾಗುವ ದಾರಿಯಲ್ಲಿ, ಫಲಕದ ಬಳಿ ಕುದುರೆ ಬದಲಿಸುವಂತೆ ಸೈಕಲ್ಲು ಬದಲಿಸಲು ಲಾಯವೆಲ್ಲಿದೆ?

ವಿಚಾರಮಾಡಿ ನೋಡಿದರೆ ಇದು ಹೊಸ ಸಮಸ್ಯೆಯಲ್ಲ, ಸೈಕಲ್ಲಿನಷ್ಟೇ ಹಳೆಯದು. ಎರಡೂ ಚಕ್ರ ಹೆಚ್ಚುಕಡಿಮೆ ಸಮನಾಗಿ, ಹಿಂದಿನ ಚಕ್ರಕ್ಕೆ ಚೈನು ಇರುವ ಸೈಕಲ್ಲಿಗೆ ಇಂಗ್ಲೆಂಡಿನ ಸ್ಟಾರ್ಲಿ ೧೮೮೫ರಲ್ಲಿ ನೆಲೆಯಾದ ರೂಪವನ್ನು ಕೊಟ್ಟನು. ಗಾಳಿ ತುಂಬಿದ ಟಯರನ್ನು ೧೮೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ರೂಢಿಗೆ ತಂದನು. ಆ ಹೊತ್ತಿಗೆ ಲೋಕದಲ್ಲಿ ಟಾರಿನ ರಸ್ತೆ ಎಲ್ಲಿತ್ತು? ೧೯೦೩ರಲ್ಲಿ ಮೊದಲಾದ ಫ್ರಾನ್ಸಿನ ಹೆಸರಾಂತ ಸೈಕಲ್ ಪಂದ್ಯವೂ ಬಹುಮಟ್ಟಿಗೆ ಮಣ್ಣು ಜಲ್ಲಿಗಳ ಮೇಲೆಯೇ ಓಡಿತು. ಎಂದರೆ ಅಂದಿನ ಸೈಕಲ್ಲುಗಳೆಲ್ಲ ಜಲ್ಲಿಹಾದಿಯ ಸೈಕಲ್ಲುಗಳೇ ಆಗಿದ್ದವು. ರಸ್ತೆ ನುಣುಪಾದಂತೆ ಟಯರು ಕಿರಿದಾಯಿತು. ಟಯರು ಕಿರಿದಾದಂತೆ ಸವಾರ ಟಾರಿನ ಸೆರೆಯಾಳಾದ. ಅವನು ಮತ್ತೆ ಮಣ್ಣಿಗಿಳಿದು, ೨೦೨೨ರಲ್ಲಿ ಇಟಲಿಯಲ್ಲಿ ಜಲ್ಲಿಹಾದಿಯ ಮೊದಲ ವಿಶ್ವಪಂದ್ಯ ನಡೆದಾಗ ಪತ್ರಿಕೆಗಳು ಅದನ್ನು ಹೊಸ ಯುಗವೆಂದು ಕೊಂಡಾಡಿದವು.

ತೀರ್ಥಹಳ್ಳಿಯ ಸೀಮೆಯವರಿಗಂತೂ ಈ ಮಾತು ನಗು ತರಿಸಬೇಕು. ೧೯೬೭ರಲ್ಲಿ ಪ್ರಕಟವಾದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಕಥೆ ನಡೆಯುವುದು ಇದೇ ಸೀಮೆಯಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಅದರಲ್ಲಿ ಪಾದ್ರಿಯ ಮೂಲಕ ಬರುವ ಬೈಸಿಕಲ್ಲು ಹಳ್ಳಿಯವರ ಬಾಯಲ್ಲಿ 'ಬೀಸೆಕಲ್ಲು' ಆಗುತ್ತದೆ. ಓದುಗರು ಅಲ್ಲಿ ನಗುತ್ತಾರೆ, ನಗುವುದೂ ಸಹಜವೇ. ಆದರೆ ಮಲೆನಾಡಿನಲ್ಲಿ ಸೈಕಲ್ಲು ಹೊಡೆದವನಿಗೆ ಆ ಹೆಸರು ಅಷ್ಟೇನೂ ತಪ್ಪೆನಿಸುವುದಿಲ್ಲ. ಮಳೆಗಾಲದಲ್ಲಿ ಮರಳು, ನೀರು, ಕೆಮ್ಮಣ್ಣುಗಳು ಸೇರಿ ಚಕ್ರದ ಅಂಚನ್ನೂ ಬ್ರೇಕಿನ ರಬ್ಬರನ್ನೂ ರಾಗಿಯಂತೆ ಬೀಸಿ ಹಾಕುತ್ತವೆ.

ಶಿವಮೊಗ್ಗೆಯಲ್ಲಿ ಬಗೆಹರಿಯದ ಗಂಟು ಬಿಚ್ಚಿದ್ದು ತೀರ್ಥಹಳ್ಳಿಯ ಒಂದು ಹಳೆಯ ಸೈಕಲ್ ಶಾಪಿನಲ್ಲಿ. ಗಂಟೆಯ ಲೆಕ್ಕದಲ್ಲಿ ಸೈಕಲ್ಲನ್ನು ಬಾಡಿಗೆಗೆ ಕೊಡುತ್ತಿದ್ದ ಕಾಲದಿಂದಲೂ ಪಂಕ್ಚರ್ ಹಾಕುತ್ತ ಬಂದ ಅಜ್ಜನೊಬ್ಬ ಅಲ್ಲಿದ್ದ. ಮೇಷ್ಟರು ಮೊಬೈಲು ತೆರೆದು ನಾಲ್ಕು ಬಗೆಯ ಚಿತ್ರಗಳನ್ನೂ ತೋರಿಸಿ, "ಯಾವುದು ಒಳ್ಳೇದು ಅಜ್ಜಾ?" ಎಂದು ಕೇಳಿದರು. ಅಜ್ಜ ಚಿತ್ರಗಳನ್ನು ನೋಡಲೇ ಇಲ್ಲ. ತೊಟ್ಟಿಯ ನೀರಿನಲ್ಲಿ ಟ್ಯೂಬನ್ನು ಅದ್ದಿ ಗುಳ್ಳೆ ಹುಡುಕುತ್ತ, "ನಿಮ್ಮ ದಾರೀಲಿ ನೀವು ಎಲ್ಲೆಲ್ಲಿ ಇಳೀತೀರಿ ಮೇಷ್ಟ್ರೇ?" ಎಂದು ಕೇಳಿದ.

"ಇಳಿಯೋದು ಅಂದ್ರೆ?"

"ಸೈಕಲ್ಲಿಂದ ಇಳ್ದು ತಳ್ಳೋದು. ಎಲ್ಲಿ, ಯಾಕೆ, ಅಷ್ಟು ಬರ್ಕೊಂಡು ಬನ್ನಿ. ಕೂತು ಹೋಗೋ ಜಾಗಕ್ಕೆ ಯಾವ ಸೈಕಲ್ಲಾದ್ರೂ ಆಯ್ತದೆ. ಇಳಿಯೋ ಜಾಗಕ್ಕೆ ತಕ್ಕ ಸೈಕಲ್ಲು ಬೇಕು."

ಆಗ ಹುಬ್ಬೆ ಮಳೆ ನಡೆದಿತ್ತು. ಹಳೆಯ ಸೈಕಲ್ಲಿಗೆ ಬ್ರೇಕಿನ ರಬ್ಬರು ಹೊಸದಾಗಿ ಹಾಕಿಸಿ, ಮೇಷ್ಟರು ಒಂದು ವಾರ ಶಾಲೆಗೆ ಹೋಗಿಬಂದರು. ಜೇಬಿನಲ್ಲಿ ಚೀಟಿ, ಪೆನ್ಸಿಲು. ವಾರದ ಕೊನೆಗೆ ಚೀಟಿಯಲ್ಲಿ ಏಳು ಸ್ಥಳಗಳಿದ್ದವು. ನಾಲ್ಕು ಕಡೆ ಇಳಿದದ್ದು ಏರಿನಲ್ಲಿ ಪೆಡಲು ತುಳಿಯಲಾರದೆ. ಎರಡು ಕಡೆ ಇಳಿದದ್ದು ಇಳುಕಲಿನಲ್ಲಿ ಬ್ರೇಕನ್ನು ನಂಬಲಾರದೆ. ಇನ್ನೊಂದು ಕಡೆ ಕೆಸರು ಮಡ್‌ಗಾರ್ಡಿನೊಳಗೆ ಗಾರೆಯಂತೆ ಮೆತ್ತಿ ಚಕ್ರವೇ ನಿಂತುಹೋಗಿತ್ತು. ಟಾರಿನ ಮೇಲೆ ಇಳಿದ ಸ್ಥಳ ಒಂದೂ ಇಲ್ಲ. ಅಲ್ಲಿ ಅವರು ನಿಧಾನವಾಗಿ ಹೋಗಿದ್ದರು, ಅಷ್ಟೆ.

ಆ ಚೀಟಿಯನ್ನು ಓದುತ್ತಿದ್ದಂತೆ ಮೇಷ್ಟರಿಗೆ ತಮ್ಮ ಪ್ರಶ್ನೆಯೇ ತಿರುವುಮುರುವಾಗಿ ಕಂಡಿತು. ಟಾರಿಗೂ ಮಣ್ಣಿಗೂ ಸಮಪಾಲು ಹಂಚುವ ಸೈಕಲ್ಲನ್ನು ಅವರು ಹುಡುಕುತ್ತಿದ್ದರು. ಆದರೆ ನಷ್ಟ ಎರಡೂ ಕಡೆ ಸಮನಲ್ಲ. ಅಗಲ ಟಯರಿನ ಸೈಕಲ್ಲು ಟಾರಿನ ಮೇಲೆ ಕಳೆದುಕೊಳ್ಳುವುದು ಕೆಲವು ನಿಮಿಷಗಳನ್ನು. ರೇಸಿನ ಸೈಕಲ್ಲು ಮಣ್ಣಿನಲ್ಲಿ ದಾರಿಯನ್ನೇ ಕಳೆದುಕೊಳ್ಳುತ್ತದೆ. ಸವಾರ ಕೈಯನ್ನೋ ಕಾಲನ್ನೋ ಕಳೆದುಕೊಳ್ಳಲೂಬಹುದು. ಬ್ರೆವೆಯ ಲೆಕ್ಕವನ್ನಾದರೂ ನೋಡಿ: ಇನ್ನೂರು ಕಿಲೋಮೀಟರನ್ನು ಹದಿಮೂರೂವರೆ ಗಂಟೆಗೆ ಭಾಗಿಸಿದರೆ ಗಂಟೆಗೆ ಹದಿನೈದು ಕಿಲೋಮೀಟರೂ ಆಗುವುದಿಲ್ಲ. ಊಟ ಕಾಫಿಗಳ ಹೊತ್ತನ್ನು ಕಳೆದರೂ ಅದು ಜಿಂಕೆಯ ಓಟವಲ್ಲ, ಎತ್ತಿನ ನಿಷ್ಠೆ. ಚಪ್ಪಟೆ ನೆಲದಲ್ಲಿ ವೇಗ ಹೆಚ್ಚಿದಂತೆ ಸವಾರನನ್ನು ತಡೆಯುವುದರಲ್ಲಿ ಎದುರುಗಾಳಿಯದೇ ದೊಡ್ಡ ಪಾಲು. ಟಯರಿನ ಅಗಲದ್ದು ಅದರ ಮುಂದೆ ಚಿಕ್ಕದು. ಒಂದೇ ಸೈಕಲ್ಲು ಕೊಳ್ಳುವವನು ತನ್ನ ದಾರಿಯ ಅತಿ ಕೆಟ್ಟ ಫರ್ಲಾಂಗನ್ನು ನೆನೆದು ಕೊಳ್ಳಬೇಕು; ಒಳ್ಳೆಯ ಮೈಲಿಗಳು ತಮ್ಮನ್ನು ತಾವೇ ನೋಡಿಕೊಳ್ಳುತ್ತವೆ.

ಮುಂದಿನದೆಲ್ಲ ಚೀಟಿಯ ಏಳು ಸಾಲುಗಳಿಗೆ ಉತ್ತರ ಹುಡುಕುವ ಕೆಲಸ. ಮೊದಲನೆಯದು ಏರು. ಮೇಷ್ಟರ ಹಳೆಯ ಸೈಕಲ್ಲಿಗೆ ಮುಂದಿನ ಹಲ್ಲುಚಕ್ರದಲ್ಲಿ ೪೪ ಹಲ್ಲು, ಹಿಂದಿನ ಫ್ರೀವೀಲಿನಲ್ಲಿ ೧೮. ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ಲು ಸುಮಾರು ಐದೂವರೆ ಮೀಟರು ಮುಂದಕ್ಕೆ ಹೋಗುತ್ತದೆ. ಬಯಲಿನಲ್ಲಿ ಇದು ಹಿತ. ಏರಿನಲ್ಲಿ ಮೊಣಕಾಲಿಗೆ ಮೃತ್ಯು. ಮುಂದೆ ೨೮, ಹಿಂದೆ ೩೪ ಹಲ್ಲುಗಳ ಗಿಯರಿಗೆ ಹಾಕಿದರೆ ಅದೇ ಒಂದು ಸುತ್ತಿಗೆ ಸೈಕಲ್ಲು ಎರಡು ಮೀಟರಿಗೂ ಕಡಿಮೆ ಸರಿಯುತ್ತದೆ. ತುಳಿಯುವ ಭಾರ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸುತ್ತು ಮಾತ್ರ ಮೂರು ಪಾಲು ಹೆಚ್ಚು. ಬಾವಿಯ ರಾಟೆಯನ್ನು ಬಲ್ಲವರಿಗೆ ಈ ವ್ಯಾಪಾರವನ್ನು ವಿವರಿಸಬೇಕಾಗಿಲ್ಲ. ಫ್ರಾನ್ಸಿನಲ್ಲಿ 'ವೆಲೋಸಿಯೋ' ಎಂಬ ಕಾವ್ಯನಾಮದಿಂದ ಬರೆಯುತ್ತಿದ್ದ ಪಾಲ್ ದ ವಿವಿ (೧೮೫೩–೧೯೩೦) ಗುಡ್ಡದ ಸವಾರಿಗೆ ಹಲವು ಗಿಯರುಗಳೂ ಅಗಲ ಟಯರೂ ಬೇಕೆಂದು ಜೀವಮಾನವಿಡೀ ವಾದಿಸಿದರು. ಗಿಯರು ಮುದುಕರಿಗೆಂದು ಪಂದ್ಯದವರು ನಕ್ಕರು. ಫ್ರಾನ್ಸಿನ ಆ ದೊಡ್ಡ ಪಂದ್ಯದಲ್ಲಿ ಚೈನು ಹಾರಿಸುವ ಗಿಯರಿಗೆ ಪೂರ್ತಿ ಅನುಮತಿ ಸಿಕ್ಕಿದ್ದು ೧೯೩೭ರಲ್ಲಿ. ಇಂದು ಗಿಯರಿಲ್ಲದೆ ಆ ಪಂದ್ಯಕ್ಕೆ ಬರುವವರಿಲ್ಲ.

ಎರಡನೆಯದು ಬ್ರೇಕು. ಹಳೆಯ ಸೈಕಲ್ಲಿನ ರಾಡ್ ಬ್ರೇಕು ಉಕ್ಕಿನ ರಿಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಹೊಳಪಿನ ಉಕ್ಕು ಒದ್ದೆಯಾದಾಗ ರಬ್ಬರಿಗೆ ಹಿಡಿತ ಸಿಕ್ಕುವುದು ಕಷ್ಟ. ರಿಮ್ಮು ನೆಲಕ್ಕೆ ಹತ್ತಿರವಿರುವುದರಿಂದ ಕೆಸರನ್ನು ಮೊದಲು ಉಣ್ಣುವುದೂ ಅದೇ. ಡಿಸ್ಕ್ ಬ್ರೇಕಿನ ತಟ್ಟೆ ಚಕ್ರದ ನಡುವೆ, ಗುಂಬದ ಬಳಿ ಇರುತ್ತದೆ. ನೀರು ಕೆಸರು ಅಷ್ಟು ಸುಲಭವಾಗಿ ಮುಟ್ಟವು, ಮುಟ್ಟಿದರೂ ಹಿಡಿತ ಬಹುಮಟ್ಟಿಗೆ ಉಳಿಯುತ್ತದೆ. ಇದರಲ್ಲಿಯೂ ಎರಡು ಬಗೆ: ಎಣ್ಣೆಯ ಒತ್ತಡದ್ದು, ತಂತಿಯದು. ಎಣ್ಣೆಯದು ಮೃದು, ಬಲಶಾಲಿ. ಆದರೆ ಅದರಲ್ಲಿ ಗಾಳಿ ಸೇರಿದರೆ ಬಿಡಿಸಲು ಬೇರೆಯೇ ಸಲಕರಣೆ ಬೇಕು. ತಂತಿಯದನ್ನು ತೀರ್ಥಹಳ್ಳಿಯ ಅಜ್ಜ ಕಣ್ಣು ಮುಚ್ಚಿ ಸರಿಮಾಡಬಲ್ಲ. ಮೇಷ್ಟರು ತಂತಿಗೆ ಗುರುತು ಹಾಕಿದರು.

ಮೂರನೆಯದು ಟಯರು. ಗ್ರಾವೆಲ್ ಬೈಕಿನ ಟಯರು ಸಾಮಾನ್ಯವಾಗಿ ೪೦ ಮಿಲಿಮೀಟರಿನ ಆಸುಪಾಸು. ಇದನ್ನು ಕೇಳಿದಾಗ ಅಜ್ಜ ಅಳತೆಪಟ್ಟಿ ತಂದು ಹಳೆಯ ಕರಿಯ ಸೈಕಲ್ಲಿನ ಒಂದೂವರೆ ಅಂಗುಲದ ಟಯರನ್ನು ಅಳೆದು ತೋರಿಸಿದ, ಕೂದಲೆಳೆಯ ವ್ಯತ್ಯಾಸ. ಅಂಚೆಯವನೂ ಹಾಲಿನವನೂ ತುಳಿದ ಸೈಕಲ್ಲು ಟಯರಿನ ವಿಷಯದಲ್ಲಿ ಎಂದೋ ಸರಿದಾರಿಯಲ್ಲಿತ್ತು. ಅದಕ್ಕೆ ಕೊರತೆಯಾದದ್ದು ಗಿಯರು, ಬ್ರೇಕು, ಹೆಚ್ಚಾದದ್ದು ತೂಕ. ಅಗಲ ಟಯರಿನ ಇನ್ನೊಂದು ಅನುಕೂಲವೆಂದರೆ ಗಾಳಿಯನ್ನು ದಾರಿಗೆ ತಕ್ಕಂತೆ ಹದಗೊಳಿಸಬಹುದು. ಟಾರಿನ ಮೇಲೆ ಐವತ್ತೈದು ಪೌಂಡು ಇಟ್ಟುಕೊಂಡು, ಮಣ್ಣಿಗಿಳಿಯುವ ಮುನ್ನ ನಲವತ್ತಕ್ಕೆ ಇಳಿಸಿದರೆ ಟಯರು ಕಲ್ಲನ್ನು ಅಪ್ಪಿಕೊಂಡು ಹೋಗುತ್ತದೆ. ಬಿಗಿಯಾಗಿದ್ದರೆ ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತದೆ. ಟಯರಿಗಿಂತಲೂ ಮುಖ್ಯವಾದದ್ದು ಅದರ ಸುತ್ತಲಿನ ಖಾಲಿ ಜಾಗ. ಫೋರ್ಕಿಗೂ ಟಯರಿಗೂ, ಟಯರಿಗೂ ಮಡ್‌ಗಾರ್ಡಿಗೂ ನಡುವೆ ಕಿರುಬೆರಳು ಸಲೀಸಾಗಿ ಆಡದಿದ್ದರೆ ಮಲೆನಾಡಿನ ಕೆಸರಿನಲ್ಲಿ ಆ ಸೈಕಲ್ಲು ಹೊರುವ ಸೈಕಲ್ಲೇ ಹೊರತು ಹೊಡೆಯುವ ಸೈಕಲ್ಲಲ್ಲ. ಅಗ್ಗದ ಸ್ಪ್ರಿಂಗ್ ಫೋರ್ಕಿನ ಆಸೆಯನ್ನು ಮೇಷ್ಟರು ಇಲ್ಲಿಯೇ ಬಿಟ್ಟರು. ಅದು ಭಾರ; ಏರಿನಲ್ಲಿ ತುಳಿದ ಶಕ್ತಿಯನ್ನು ತಾನೇ ನುಂಗುತ್ತದೆ; ಮಳೆಗೆ ಸಿಕ್ಕಿ ತುಕ್ಕು ಹಿಡಿದರೆ ಸ್ಪ್ರಿಂಗೂ ಅಲ್ಲ, ಕಂಬಿಯೂ ಅಲ್ಲ.

ಕೊಳ್ಳುವವರು ಮರೆಯುವ ಇನ್ನೊಂದು ಸಂಗತಿಯನ್ನು ಅಜ್ಜನೇ ಎತ್ತಿದ. ಟಯರಿನ ಪಕ್ಕೆಯ ಮೇಲೆ ಎರಡು ಸಂಖ್ಯೆಗಳನ್ನು ಅಚ್ಚೊತ್ತಿರುತ್ತಾರೆ: ಮೊದಲನೆಯದು ಟಯರಿನ ಅಗಲ, ಎರಡನೆಯದು ಅದು ಕೂರುವ ರಿಮ್ಮಿನ ಅಡ್ಡಳತೆ. ಹಳೆಯ ಕರಿಯ ಸೈಕಲ್ಲಿನ ಟಯರು ೪೦–೬೩೫. ಗ್ರಾವೆಲ್ ಮತ್ತು ಹೈಬ್ರಿಡ್ ಸೈಕಲ್ಲುಗಳದು ಹೆಚ್ಚಾಗಿ ೬೨೨. ಅಂಗಡಿಯಲ್ಲಿ ಎರಡನ್ನೂ 'ಇಪ್ಪತ್ತೆಂಟು' ಎಂದು ಕರೆಯುವುದುಂಟು. ಹೆಸರು ಒಂದೇ, ಟಯರು ಒಂದರದು ಇನ್ನೊಂದಕ್ಕೆ ಕೂರದು. ಟ್ಯೂಬನ್ನಾದರೆ ಎಳೆದು ಮಡಿಸಿ ಹೇಗೋ ಹೊಂದಿಸಬಹುದು. ಆದರೆ ಅಲ್ಲಿಯೂ ಒಂದು ತೊಡಕು. ಹಳೆಯ ಟ್ಯೂಬಿನ ವಾಲ್ವು ದಪ್ಪ. ರೇಸಿನ ಬಗೆಯ ರಿಮ್ಮುಗಳ ತೂತು ಸಣ್ಣ ವಾಲ್ವಿಗೆಂದು ಕೊರೆದದ್ದು. ರಾತ್ರಿ ಏಳು ಗಂಟೆಗೆ ಕೋಣಂದೂರಿನ ದಾರಿಯಲ್ಲಿ ಪಂಕ್ಚರ್ ಆದವನಿಗೆ ಈ ಎರಡು ಮಿಲಿಮೀಟರಿನ ವ್ಯತ್ಯಾಸ ಮನೆಗೂ ಕಾಡಿಗೂ ಇರುವ ವ್ಯತ್ಯಾಸ. "ದಪ್ಪ ವಾಲ್ವಿನ ರಿಮ್ಮೇ ತಗೊಳ್ಳಿ ಮೇಷ್ಟ್ರೇ. ಇಲ್ಲಾ ಅಂದ್ರೆ ಎರಡು ಟ್ಯೂಬು ಯಾವಾಗ್ಲೂ ಚೀಲದಲ್ಲಿರ್ಲಿ" ಎಂದ ಅಜ್ಜ.

ಬಾಗಿದ ಹ್ಯಾಂಡಲಿನ ಮೋಹವೂ ಹೀಗೆಯೇ ಕರಗಿತು. ಅದರಲ್ಲಿ ಕೈಯನ್ನು ನಾಲ್ಕು ಬಗೆಯಲ್ಲಿ ಇಡಬಹುದು, ದೂರದ ಸವಾರಿಗೆ ಅದು ಸುಖ ಎಂಬುದು ನಿಜ. ಆದರೆ ಅದರ ಗಿಯರೂ ಬ್ರೇಕೂ ಒಂದೇ ಹಿಡಿಯಲ್ಲಿ ಸೇರಿರುತ್ತವೆ. ಬಿದ್ದು ಮುರಿದರೆ ಬೆಲೆ ಬಹಳ; ಬಿಡಿಭಾಗಕ್ಕೆ ಶಿವಮೊಗ್ಗೆಯೋ ಬೆಂಗಳೂರೋ ಗತಿ. ಮೇಲಾಗಿ ಸೈಕಲ್ಲು ಮೇಷ್ಟರೊಬ್ಬರದೇ ಅಲ್ಲ, ತಂಗಿಯದೂ ಹೌದು. ರಾಜ್ಯ ಸರ್ಕಾರ ೨೦೦೬–೦೭ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಎಂಟನೆಯ ತರಗತಿಯಲ್ಲಿ ಅವಳಿಗೂ ಒಂದು ಸೈಕಲ್ಲು ಸಿಕ್ಕಿತ್ತು. ಅದು ಅವಳನ್ನು ಹೈಸ್ಕೂಲು ದಾಟಿಸಿ, ಐದಾರು ಮಳೆಗಾಲಗಳನ್ನು ಕಂಡು, ಕಾಲೇಜಿಗೆ ಸೇರುವ ಹೊತ್ತಿಗೆ ತುಕ್ಕಾಗಿ ಕೂತಿತ್ತು. ಆದ್ದರಿಂದ ನೆಟ್ಟನೆಯ ಹ್ಯಾಂಡಲು, ಹಿಂದಕ್ಕೆ ಇಳಿಜಾರಾಗಿರುವ ಮೇಲಿನ ಪೈಪು, ಸಲಕರಣೆಯಿಲ್ಲದೆ ಏರಿಸಿ ಇಳಿಸಬಹುದಾದ ಸೀಟು. ಹ್ಯಾಂಡಲಿನ ಎರಡು ತುದಿಗೂ ಚಿಕ್ಕ ಕೊಂಬುಗಳನ್ನು ಹಾಕಿಸಿದರೆ ದೂರದ ಸವಾರಿಯಲ್ಲಿ ಅಂಗೈಗೆ ಬಿಡುವು. ಹೀಗೆ ಗ್ರಾವೆಲ್ ಬೈಕು ಬೇಕೆಂದು ಹೊರಟ ಮೇಷ್ಟರು ೪೦ ಮಿಲಿಮೀಟರಿನ ಟಯರು ಹಿಡಿಯುವ ಹೈಬ್ರಿಡ್ಡಿನ ಬಳಿಗೆ ಬಂದು ನಿಂತರು. ಹೆಸರು ಬದಲಾಯಿತು, ಚೀಟಿಯ ಏಳು ಸಾಲುಗಳಿಗೆ ಉತ್ತರ ಸಿಕ್ಕಿತು, ಬೆಲೆಯೂ ಇಳಿಯಿತು.

ಇಳಿದ ಬೆಲೆಯನ್ನು ಕೇಳಿಯೂ ತಂದೆ ಕವಳದ ಸಂಚಿಯನ್ನು ಕೆಳಗಿಟ್ಟರು. "ಎಂತ ಮಾರಾಯ! ಅಷ್ಟು ದುಡ್ಡಿಗೆ ಹಳೇ ಮೋಟಾರ್ ಬೈಕೇ ಬರ್ತದಲ್ಲ! ದುಡ್ಡೂ ಕೊಟ್ಟು ತುಳಿಯೂದು ಬೇರೆಯಾ?"

ಆ ಮಾತಿನಲ್ಲಿ ತಿರಸ್ಕಾರಕ್ಕಿಂತ ಹೆಚ್ಚಾಗಿ ಒಂದು ಬಗೆಯ ಅಭಿಮಾನಭಂಗವಿತ್ತು. ಸೈಕಲ್ಲಿನಿಂದ ಮೋಟಾರಿಗೆ ಏರುವುದು ಏಳಿಗೆಯೆಂದು ನಂಬಿದ ತಲೆಮಾರು ಅದು. ಮಗ ನೌಕರಿ ಹಿಡಿದೂ ಸೈಕಲ್ಲನ್ನೇ ಹಿಡಿದನೆಂದರೆ ಊರವರು ಏನೆಂದಾರು? ಮೇಷ್ಟರು ಪೆಟ್ರೋಲಿನ ಲೆಕ್ಕವನ್ನು ಹೇಳಬಹುದಾಗಿತ್ತು, ದೇಹಾರೋಗ್ಯದ ಉಪದೇಶವನ್ನೂ ಮಾಡಬಹುದಾಗಿತ್ತು. ಅವರು ಎರಡನ್ನೂ ಮಾಡದೆ ಜೇಬಿನಿಂದ ಆ ಚೀಟಿಯನ್ನು ತೆಗೆದು ಕೊಟ್ಟರು. ತಂದೆ ಕನ್ನಡಕ ಹಾಕಿಕೊಂಡು ಓದಿದರು. ಏಳು ಸ್ಥಳಗಳೂ ಅವರಿಗೆ ಗೊತ್ತಿದ್ದವೇ. ಅವೇ ಏಳು ಕಡೆಗಳಲ್ಲಿ, ಅದೇ ಸೈಕಲ್ಲಿನಿಂದ ಅವರೂ ಮೂವತ್ತು ವರ್ಷ ಇಳಿದು ತಳ್ಳಿದವರು. ಇಳುಕಲಿನ ಹೆಸರು ಬಂದಾಗ ಅವರ ಬೆರಳು ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿತು. ಆಮೇಲೆ ಚೀಟಿಯನ್ನು ಮಡಿಸಿ ಹಿಂದಕ್ಕೆ ಕೊಟ್ಟು, "ಬ್ರೇಕು ಗಟ್ಟಿ ಇರ್ಲಿ" ಎಂದಷ್ಟೇ ಹೇಳಿದರು.

ದೀಪಾವಳಿಯ ಹೊತ್ತಿಗೆ ಸೈಕಲ್ಲು ಮನೆಗೆ ಬಂತು. ಗೋಪೂಜೆಯ ದಿನ ಅದಕ್ಕೂ ಒಂದು ಚೆಂಡುಹೂವಿನ ಮಾಲೆ ಬಿತ್ತು. ಚಳಿಗಾಲದಲ್ಲಿ ಮೇಷ್ಟರು ಇನ್ನೂರು ಕಿಲೋಮೀಟರಿನ ಹರಕೆಯನ್ನು ತೀರಿಸಿದರು. ರೇಸಿನ ಸೈಕಲ್ಲಿನವರು ಅವರಿಗಿಂತ ಬಹಳ ಮುಂಚೆ ಮುಟ್ಟಿದ್ದರು. ಆದರೆ ಹದಿಮೂರೂವರೆ ಗಂಟೆ ಮುಗಿಯಲು ಇನ್ನೂ ಮುಕ್ಕಾಲು ಗಂಟೆ ಉಳಿದಿತ್ತು. ಅವರಿಗೆ ಕೊಟ್ಟ ಪದಕವೇ ಇವರಿಗೂ ಸಿಕ್ಕಿತು.

ನಿಜವಾದ ಪರೀಕ್ಷೆ ನಡೆದದ್ದು ಮುಂದಿನ ವರ್ಷದ ಆರಿದ್ರಾ ಮಳೆಯಲ್ಲಿ. ಸಂಜೆ ಆರಾದರೂ ಮಗ ಬರಲಿಲ್ಲವೆಂದು ತಂದೆ ಕಂಬಳಿಕೊಪ್ಪೆ ಹಾಕಿಕೊಂಡು ಉಣುಗೋಲಿನ ಬಳಿ ನಿಂತಿದ್ದರು. ಹಳ್ಳದ ಸದ್ದಿನಲ್ಲಿ ಬೇರೆ ಯಾವ ಸದ್ದೂ ಕೇಳುತ್ತಿರಲಿಲ್ಲ. ಆಚೆಯ ಇಳುಕಲಿನ ತುದಿಯಲ್ಲಿ ದೀಪವೊಂದು ಕಾಣಿಸಿಕೊಂಡಿತು. ತಡೆತಡೆದು, ಸಾವಕಾಶವಾಗಿ ಇಳಿಯಿತು. ಸಂಕದ ಬಳಿ ಒಂದು ಕ್ಷಣ ನಿಂತು, ದಾಟಿ, ಈಚೆಯ ಏರನ್ನು ಹತ್ತತೊಡಗಿತು. ದೀಪ ಎಲ್ಲಿಯೂ ನೆಲಕ್ಕಿಳಿಯಲಿಲ್ಲ. ಕಡೆಗೆ ಕೆಸರಿನಲ್ಲಿ ಮಿಂದ ಮೇಷ್ಟರು ಉಣುಗೋಲಿನ ಮುಂದೆ ಬಂದು ಕಾಲೂರಿದರು.

"ಎಲ್ಲಿ ಇಳ್ದೆ?" ಎಂದು ತಂದೆ ಕೇಳಿದರು.

"ಇಲ್ಲೇ ಅಪ್ಪಯ್ಯ," ಎಂದರು ಮೇಷ್ಟರು, "ಉಣುಗೋಲು ತೆಗೆಯೂಕೆ."

ತಂದೆ ಮಾತನಾಡದೆ ಉಣುಗೋಲಿನ ಗಳುಗಳನ್ನು ಒಂದೊಂದಾಗಿ ಸರಿಸಿ ದಾರಿ ಬಿಟ್ಟರು. "ಹೋಗು, ಇಳೀಬೇಡ" ಎಂದರು.